‘ಬ್ಯಾಂಕ್ ಕೆಲಸಕ್ಕೆ ಬಿಇ ಯಾಕೆ?’

ನಾನು ಕಂಪ್ಯೂಟರ್ ಸೈನ್ಸ್ ಬಿಇ, ಆರನೇ ಸೆಮಿಸ್ಟರ್ ವಿದ್ಯಾರ್ಥಿ. ಕ್ಯಾಂಪಸ್ ಸಂದರ್ಶನಕ್ಕೆಂದು ಗೆಳೆಯರೆಲ್ಲ ಕೋಡಿಂಗ್ ಅಭ್ಯಾಸದಲ್ಲಿ ಮುಳುಗಿದ್ದರೆ, ನಾನು ಕಂಪನಿಗಳ ಬ್ಯಾಲೆನ್ಸ್ ಶೀಟ್ ಓದುತ್ತಾ ಕೂತಿರುತ್ತೇನೆ. ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್‌ಗೆ ಹೋಗುವ ಆಸೆಯಿದೆ ಎಂದಾಗ ಅಪ್ಪ, ‘ಬ್ಯಾಂಕ್ ಕೆಲಸಕ್ಕೆ ಬಿ.ಕಾಂ. ಸಾಕಿತ್ತಲ್ಲೋ, ಇಷ್ಟು ಸಾಲ ಯಾಕೆ ಮಾಡಿಸ್ದೆ?’ ಅಂದರು.

ಅವರಿಗೆ ಇನ್ಫೊಸಿಸ್ ಕತೆ ಹೇಳಿದೆ. 1993ರಲ್ಲಿ ಆ ಕಂಪನಿ ತನ್ನ ಷೇರನ್ನು ₹95ರಂತೆ ಜನರ ಮುಂದಿಟ್ಟಾಗ ಕೊಳ್ಳುವವರು ಸಾಕಷ್ಟು ಬರಲಿಲ್ಲ. ಆಗ ಮಾರ್ಗನ್ ಸ್ಟ್ಯಾನ್ಲಿ ಅದೇ ದರಕ್ಕೆ ಶೇ 13ರಷ್ಟು ಪಾಲು ಕೊಂಡಿತು. ಕಂಪನಿಯ ಬೆಲೆ ಎಷ್ಟು, ಷೇರನ್ನು ಎಷ್ಟಕ್ಕೆ ಮಾರಬಹುದು, ಕೊಳ್ಳುವವರು ಯಾರು ಎಂದು ಲೆಕ್ಕ ಹಾಕಿ ವ್ಯವಹಾರ ಕುದುರಿಸುವುದೇ ಈ ಬ್ಯಾಂಕರ್‌ಗಳ ಕೆಲಸ. ಕಂಪನಿಗಳ ವಿಲೀನ, ಖರೀದಿಯಲ್ಲೂ ಇವರಿರುತ್ತಾರೆ. ಪಾಸ್‌ಬುಕ್, ಕ್ಯಾಷ್ ಕೌಂಟರ್ ಇಲ್ಲಿಲ್ಲ.

ಲೆಕ್ಕವೇನೂ ನಮಗೆ ಹೊಸದಲ್ಲ. ಬಡ್ಡಿ ಶೇ 10 ಆದರೆ ಮುಂದಿನ ವರ್ಷ ಬರುವ ₹110ಕ್ಕೆ ಇವತ್ತಿನ ಬೆಲೆ ₹100. ಕಂಪನಿಯ ಮುಂದಿನ ವರ್ಷಗಳ ಗಳಿಕೆಯನ್ನು ಹೀಗೇ ಇಂದಿನ ಬೆಲೆಗೆ ಇಳಿಸುತ್ತಾರೆ. ಕಷ್ಟವೆಂದರೆ ಆ ಗಳಿಕೆಯನ್ನು ಅಂದಾಜು ಮಾಡುವುದು. ಅದಕ್ಕೆ ವ್ಯಾಪಾರ ಗೊತ್ತಿರಬೇಕು, ಕೋಡ್ ಗೊತ್ತಿದ್ದರೆ ಸಾಲದು.

ನಮ್ಮ ಹುಡುಗರಲ್ಲಿ ಒಂದು ನಂಬಿಕೆಯಿದೆ: ಬೆಂಗಳೂರಿನ ಗೋಲ್ಡ್‌ಮನ್ ಸ್ಯಾಕ್ಸ್, ಜೆಪಿ ಮಾರ್ಗನ್‌ನಂಥ ಕಡೆ ಸೇರಿಬಿಟ್ಟರೆ ಬ್ಯಾಂಕರ್ ಆದಂತೆ ಎಂದು. ಅಲ್ಲಿ ಎಂಜಿನಿಯರ್‌ಗಳಿಗೆ ಸಿಗುವುದು ಹೆಚ್ಚಾಗಿ ಸಾಫ್ಟ್‌ವೇರ್ ಕೆಲಸವೇ. ಒಳ್ಳೆಯ ಕೆಲಸ, ಒಳ್ಳೆಯ ಸಂಬಳ, ಸರಿ. ಆದರೆ ಐಡಿ ಕಾರ್ಡ್‌ನಲ್ಲಿ ಬ್ಯಾಂಕಿನ ಹೆಸರಿದ್ದ ಮಾತ್ರಕ್ಕೆ ವೃತ್ತಿ ಬದಲಾಗುವುದಿಲ್ಲ. ಡೀಲ್ ಮಾಡುವ ತಂಡಗಳು ನಮ್ಮ ದೇಶದಲ್ಲಿ ಹೆಚ್ಚಾಗಿ ಇರುವುದು ಮುಂಬೈನಲ್ಲಿ. ಅಲ್ಲಿಗೆ ಎಂಜಿನಿಯರ್‌ಗಳು ಸಾಮಾನ್ಯವಾಗಿ ಹೋಗುವ ದಾರಿ ಕ್ಯಾಟ್ ಬರೆದು ಒಳ್ಳೆಯ ಎಂಬಿಎ.

ನನಗೆ ಅಡ್ಡಿ ಅಲ್ಲೇ. ಶಿಕ್ಷಣ ಸಾಲದ ಕಂತು ಕೋರ್ಸ್ ಮುಗಿದ ಒಂದು ವರ್ಷಕ್ಕೆ ಶುರುವಾಗುತ್ತದೆ. ಅದರ ಮೇಲೆ ಎಂಬಿಎಗೆ ಇನ್ನೊಂದು ಸಾಲ ಅಪ್ಪನಿಂದ ಆಗದು, ನಾನೂ ಕೇಳಲಾರೆ. ಹಾಗಾಗಿ ಮೊದಲು ಸಾಫ್ಟ್‌ವೇರ್ ಕೆಲಸ ಹಿಡಿದು ಕಂತು ಕಟ್ಟುವುದು, ಜೊತೆಗೆ ಸಿಎಫ್‌ಎ ಮೊದಲ ಹಂತ ಬರೆಯುವುದು ಎಂದು ತೀರ್ಮಾನಿಸಿದ್ದೇನೆ. ಒಟ್ಟು ಮೂರು ಹಂತ, ಶುಲ್ಕ ಡಾಲರ್‌ನಲ್ಲಿ! ಪಾಸಾದರೆ ಕೆಲಸ ಗ್ಯಾರಂಟಿ ಅಂತೇನೂ ಇಲ್ಲ.

ಸದ್ಯಕ್ಕೆ ಪಿಜಿಯಲ್ಲಿ ನನ್ನ ರೂಮ್‌ಮೇಟ್ ಬಿ.ಕಾಂ. ಹುಡುಗ. ರಾತ್ರಿ ಊಟ ಆದಮೇಲೆ ಅವನು ನನಗೆ ಅಕೌಂಟ್ಸ್ ಹೇಳಿಕೊಡುತ್ತಾನೆ, ನಾನು ಅವನಿಗೆ ಪೈಥಾನ್.