ಎರೆ ಹೊಲಕ್ಕೆ ಎರೆಜಲ

ಬೀದರ್ ಜಿಲ್ಲೆಯ ಭಾಲ್ಕಿ, ಔರಾದ ಸೀಮೆಯ ಕಪ್ಪು ಮಣ್ಣಿನ ಹೊಲಕ್ಕೆ ಎರೆ ಹೊಲ ಎನ್ನುತ್ತಾರೆ. ಮಣ್ಣು ತಿಂದು ಮಣ್ಣು ಕೊಡುವ ಹುಳು ಎರೆಹುಳು. ಗಿಡಕ್ಕೆ ನೀರು ಹಾಕುವುದೂ ಎರೆಯುವುದೇ. ಈ ಮೂರು ಮಾತಿನ ಬೇರು ಒಂದೋ ಬೇರೆಯೋ, ನಿಘಂಟು ಬಲ್ಲವರು ಹೇಳಲಿ; ಮೂರೂ ಕೂಡಿಬರುವ ವಸ್ತು ಮಾತ್ರ ಒಂದಿದೆ, ಅದು ಎರೆಜಲ. ತಳಕ್ಕೆ ನಲ್ಲಿ ಕೂಡಿಸಿದ ಡ್ರಮ್ಮಿನಲ್ಲಿ ಇಟ್ಟಿಗೆ ಚೂರು, ಮರಳು, ಅದರ ಮೇಲೆ ಬಿಸಿ ಆರಿದ ಹಳೆ ಸಗಣಿ ಮತ್ತು ಕಸಕಡ್ಡಿ ಹಾಸಿ ಹುಳು ಬಿಡುತ್ತಾರೆ. ಮೇಲಿನಿಂದ ಹನಿಹನಿಯಾಗಿ ಬಿಟ್ಟ ನೀರು ಹುಳುಗಳ ಹಾದಿಯಲ್ಲಿ ಇಳಿದು, ಹಿಕ್ಕೆ ತೊಳೆದುಕೊಂಡು, ಹಾಲಿಲ್ಲದ ಚಹಾದ ಬಣ್ಣದಲ್ಲಿ ಕೆಳಗೆ ಬರುತ್ತದೆ. ಗೊಬ್ಬರದ ತೊಟ್ಟಿಯ ತಳದಲ್ಲಿ ತಾನಾಗಿ ಸೋರಿ ನಿಲ್ಲುವ ನೀರನ್ನೂ ಇದೇ ಹೆಸರಿನಿಂದ ಕರೆಯುವವರಿದ್ದಾರೆ. ಅದು ಬೇರೆ. ಅರ್ಧ ಕೊಳೆತ ಕಸದ ಆ ರಸದಲ್ಲಿ ಬೇರು ಸುಡುವ ಆಮ್ಲಗಳೂ ರೋಗಾಣುಗಳೂ ಇರಬಹುದು. ಮೂಗಿಗೆ ಹೊಡೆಯುವ ವಾಸನೆ ಬಂದರೆ ಅದನ್ನು ಗಿಡಕ್ಕಲ್ಲ, ತಿಪ್ಪೆಗೇ ವಾಪಸು ಸುರಿಯಬೇಕು.

ಎರೆಜಲವನ್ನು ದ್ರವಗೊಬ್ಬರ ಎಂದು ಮಾರುವವರ ಮಾತನ್ನು ಮೊದಲು ತೂಗಿ ನೋಡಬೇಕು. ಎರೆಜಲದಲ್ಲಿ ಸಾರಜನಕ ಇರುವುದೇ ಬಲು ಕಡಿಮೆ. ಉದಾರವಾಗಿ ಶೇ. 0.1 ಎಂದೇ ಹಿಡಿಯೋಣ, ಅಂದರೆ ಲೀಟರಿಗೆ 1 ಗ್ರಾಂ. 45 ಕಿಲೋ ಯೂರಿಯಾ ಚೀಲದಲ್ಲಿ ಶೇ. 46ರ ಲೆಕ್ಕಕ್ಕೆ 20 ಕಿಲೋಗೂ ಮಿಕ್ಕಿ ಸಾರಜನಕವಿದೆ. ಆ ಒಂದು ಚೀಲಕ್ಕೆ ಸಮವಾಗಲು 5 ಸಾವಿರ ಲೀಟರಿನ ನಾಲ್ಕು ಟ್ಯಾಂಕರ್ ಎರೆಜಲವೂ ಸಾಲದು. ಎರೆಗೊಬ್ಬರದ ಮಾತು ಹಾಗಲ್ಲ. ಅದರಲ್ಲಿ ಕನಿಷ್ಠ ಶೇ. 1 ಸಾರಜನಕ ಇರಬೇಕೆಂದು ರಸಗೊಬ್ಬರ ನಿಯಂತ್ರಣ ಆದೇಶವೇ ಹೇಳುತ್ತದೆ, ಕ್ವಿಂಟಲಿಗೆ ಒಂದು ಕಿಲೋ ಆಯಿತು. ಊಟದ ಲೆಕ್ಕದಲ್ಲಿ ಗೊಬ್ಬರ ಜೋಳದ ರೊಟ್ಟಿ, ಎರೆಜಲ ಶೇಂಗಾ ಹಿಂಡಿ. ಬರೀ ಹಿಂಡಿ ತಿಂದು ಯಾರೂ ಹೊಲಕ್ಕೆ ಹೋಗುವುದಿಲ್ಲ.

ಹಾಗಾದರೆ ಸಿಂಪಡಿಸಿದ ಬೆಳೆ ಚಿಗುರುವುದೇಕೆ? ಉತ್ತರ ಪೋಷಕಾಂಶದ ಪಟ್ಟಿಯಲ್ಲಿಲ್ಲ, ಕಂದು ಬಣ್ಣದಲ್ಲಿದೆ. ಸಗಣಿಯ ಎರೆಗೊಬ್ಬರದಿಂದ ಬೇರ್ಪಡಿಸಿದ ಹ್ಯೂಮಿಕ್ ಆಮ್ಲ ಮೆಕ್ಕೆಜೋಳದ ಬೇರನ್ನು ಉದ್ದಮಾಡಿ ಹೊಸ ಕವಲು ಬೇರು ಹೊಮ್ಮಿಸುತ್ತದೆ, ಬೇರಿನ ಜೀವಕೋಶದ ಪೊರೆಯಲ್ಲಿ ಪೋಷಕಾಂಶ ಒಳಗೆಳೆಯಲು ನೆರವಾಗುವ ಕಿಣ್ವವನ್ನು ಚುರುಕುಗೊಳಿಸುತ್ತದೆ ಎಂದು ಬ್ರೆಜಿಲ್‌ನ ಕನೆಲ್ಲಾಸ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದರು. ಆ ಆಮ್ಲದ ಜೊತೆ ಆಕ್ಸಿನ್ ಎಂಬ ಬೆಳವಣಿಗೆ ಹಾರ್ಮೋನಿನ ಗುಂಪುಗಳೂ ಅವರಿಗೆ ಕಂಡವು. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅರಾಂಕಾನ್ ಮತ್ತು ಎಡ್ವರ್ಡ್ಸ್ ನಡೆಸಿದ ಪ್ರಯೋಗಗಳದು ಇನ್ನೊಂದು ಪಾಠ: ಹ್ಯೂಮಿಕ್ ಆಮ್ಲದ ಪ್ರಮಾಣ ಏರುತ್ತ ಹೋದಂತೆ ಗಿಡ ಬೆಳೆಯುತ್ತದೆ, ಒಂದು ಹಂತ ದಾಟಿದರೆ ಕುಗ್ಗುತ್ತದೆ. ಒಂದು ಪಾಲು ಎರೆಜಲಕ್ಕೆ ಹತ್ತು ಪಾಲು ನೀರು ಎಂಬ ರೂಢಿಯಲ್ಲಿ ಜಿಪುಣತನವಿಲ್ಲ, ವಿವೇಕವಿದೆ.

ಈ ಗುಣ ಗೊತ್ತಾದ ಮೇಲೆ ಬೀದರ್ ಜಿಲ್ಲೆಯ ನೆಲವನ್ನು ನೋಡಿದರೆ ಎಲ್ಲಿ ಹೇಗೆ ಬಳಸಬೇಕೆಂಬುದು ತಾನೇ ತಿಳಿಯುತ್ತದೆ. ಭಾಲ್ಕಿ, ಔರಾದದ ಎರೆ ಮಣ್ಣು ಜಿಗುಟು. ಸುಣ್ಣದಂಶ ಇರುವ ಕ್ಷಾರದ ಮಣ್ಣು. ಕಬ್ಬಿಣ, ಸತು ಮಣ್ಣಲ್ಲಿದ್ದರೂ ಬೇರಿಗೆ ಸುಲಭವಾಗಿ ದಕ್ಕುವುದಿಲ್ಲ. ಅಂಥ ಹೊಲದ ಎಕರೆಗೆ ಹತ್ತಿಪ್ಪತ್ತು ಲೀಟರ್ ಎರೆಜಲ ಸುರಿದರೆ ಅದು ಮಣ್ಣಿಗೆ ಲೆಕ್ಕಕ್ಕೇ ಬಾರದು, ಎಲೆಗೆ ಸಿಂಪಡಿಸಿದರೆ ಮಾತ್ರ ಅರ್ಥವಿದೆ. ಅದೃಷ್ಟಕ್ಕೆ ಇಲ್ಲಿಯ ಮುಂಗಾರಿ ಬೆಳೆಗಳು ಹೆಸರು, ಉದ್ದು, ತೊಗರಿ, ಸೋಯಾ, ಹಿಂಗಾರಿಗೆ ಕಡಲೆ. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿಯುವ ಈ ಬೆಳೆಗಳಿಗೆ ಎರೆಜಲದ ಸಾರಜನಕದ ಬಡತನ ದೊಡ್ಡ ಕೊರತೆಯೇ ಅಲ್ಲ. ಹೂವಿನ ಹೊತ್ತಿಗೆ ಎಲೆಗೆ ಸಿಂಪಡಿಸುವುದೂ ಇಲ್ಲಿ ಹೊಸತಲ್ಲ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ‘ಪಲ್ಸ್ ಮ್ಯಾಜಿಕ್’ ಪುಡಿಯನ್ನು ತೊಗರಿಗೆ ಲೀಟರ್ ನೀರಿಗೆ 10 ಗ್ರಾಂನಂತೆ ಹೊಡೆಯುತ್ತಾರೆ. ಆ ಪುಡಿಯಲ್ಲಿ ಏನು ಎಷ್ಟಿದೆ ಎಂದು ಪೊಟ್ಟಣ ಹೇಳುತ್ತದೆ. ಎರೆಜಲದ ಗುಣ ಡ್ರಮ್ಮಿನಿಂದ ಡ್ರಮ್ಮಿಗೆ, ಹುಳುವಿಗೆ ಹಾಕಿದ ಮೇವಿನಿಂದ ಮೇವಿಗೆ ಬದಲಾಗುತ್ತದೆ. ಆ ಪುಡಿಯ ಬದಲಿಗೆ ಎರೆಜಲವನ್ನು ಇಡುವಂತಿಲ್ಲ. ಬೀದರ್ ನಗರದ ಕಥೆಯೇ ಬೇರೆ. ಊರು ನಿಂತಿರುವುದು ಜಂಬಿಟ್ಟಿಗೆಯ ಮೇಲೆ. ಕೋಟೆಯ ಕಂದಕ ಕಡಿದದ್ದೂ ನೌಬಾದಿನ ಸುರಂಗ ಬಾವಿ ಕೊರೆದದ್ದೂ ಅದರಲ್ಲೇ. ಆ ಕೆಂಪು ಮಣ್ಣು ಪೋಷಕಾಂಶ ಹಿಡಿದಿಟ್ಟುಕೊಳ್ಳುವುದು ಕಡಿಮೆ. ಮಾಳಿಗೆಯ ಕುಂಡದ ಮಲ್ಲಿಗೆ, ಕರಿಬೇವಿಗೆ ವಾರಕ್ಕೊಮ್ಮೆ ತೆಳು ಎರೆಜಲ ಬುಡಕ್ಕೇ ಹಾಕುವುದು ಇಲ್ಲಿ ಸರಿ. ಬೋರ್‌ವೆಲ್ಲಿನ ಗಡಸು ನೀರು ಕುಡಿಯುವ ಕುಂಡದಲ್ಲಿ ಉಪ್ಪು ಕೂಡುತ್ತದೆ, ಎರೆಜಲವೂ ಅದಕ್ಕಷ್ಟು ಸೇರಿಸುತ್ತದೆ. ಆಗಾಗ ಮಳೆನೀರಿನಲ್ಲಿ ಕುಂಡ ತೊಳೆದು ಹರಿಸಬೇಕು.

ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಪರದಾಡುವ ಔರಾದದಲ್ಲಿ ಹುಳುವಿಗೆಲ್ಲಿಯ ನೀರು ಎಂದು ಕೇಳುವವರಿಗೆ ಉತ್ತರ ಸುಲಭ: ಡ್ರಮ್ಮಿಗೆ ಬೇಕಾದದ್ದು ದಿನಕ್ಕೆ ಕೆಲವು ಲೀಟರ್, ಮತ್ತು ದಟ್ಟ ನೆರಳು. ಕಾವು 35 ಡಿಗ್ರಿ ದಾಟಿದರೆ ಹುಳು ಬಾಡುತ್ತವೆ. ಸಿಂಪರಣೆಯ ಕಾಲ ಹೇಗೂ ಬೇಸಿಗೆಯಲ್ಲ, ಏಪ್ರಿಲ್‌ನಲ್ಲಿ ಹುಳು ಬದುಕಿದರೆ ಸಾಕು, ಎರೆಜಲ ಬೇಡ. ತೊಟ್ಟಿಯ ಕೆಂಪು ಹುಳು ಪರದೇಶದ್ದು, ಭಾರಲೋಹ ತರುತ್ತದೆ ಎಂಬುದು ನೈಸರ್ಗಿಕ ಕೃಷಿಯ ಪ್ರತಿಪಾದಕ ಸುಭಾಷ್ ಪಾಳೇಕರ್ ಅವರ ಹಳೆಯ ತಕರಾರು. ಲೋಹವನ್ನು ಹುಳು ಹುಟ್ಟಿಸುವುದಿಲ್ಲ, ಮೇವಿನಲ್ಲಿ ಇದ್ದದ್ದೇ ಹೊರಗೆ ಬರುತ್ತದೆ. ನಗರದ ಕಸ ಬಿಟ್ಟು ಮನೆಯ ದೇವಣಿ ದನದ ಸಗಣಿ ಹಾಕಿದರೆ ಆ ಭಯ ಬಹುಮಟ್ಟಿಗೆ ತೀರಿತು. ಸಗಣಿಯ ರೋಗಾಣುವಿನ ಅಂಜಿಕೆ ಮಾತ್ರ ನ್ಯಾಯವಾದದ್ದು: ಹಸಿಯಾಗಿ ತಿನ್ನುವ ಕೊತ್ತಂಬರಿ, ಮೆಂತ್ಯದ ಎಲೆಗೆ ಎರೆಜಲ ಸಿಂಪಡಿಸಲೇಬಾರದು.

ಎಲ್ಲಕ್ಕಿಂತ ಗಟ್ಟಿ ಆಕ್ಷೇಪ ‘ಹೊಡೆದ ಮೇಲೆ ಹೊಲ ಹಸಿರಾಯಿತು, ಕಣ್ಣಾರೆ ಕಂಡಿದ್ದೇವೆ’ ಎಂಬ ಸಾಕ್ಷಿಯ ಬಗೆಗಿನದು. ಮಳೆ ಕೈಕೊಟ್ಟ ವಾರದಲ್ಲಿ ಎಲೆಗೆ ಬಿದ್ದ ಬರೀ ನೀರಿಗೂ ಬೆಳೆ ತಲೆಯೆತ್ತುತ್ತದೆ. ಅದಕ್ಕೇ ಸೋಯಾದ ನಾಲ್ಕು ಸಾಲಿಗೆ ಎರೆಜಲ, ಪಕ್ಕದ ನಾಲ್ಕಕ್ಕೆ ಅದೇ ದಿನ ಅಷ್ಟೇ ಸಾದಾ ನೀರು ಹೊಡೆದು, ರಾಶಿಯ ದಿನ ಎರಡನ್ನೂ ಬೇರೆ ಬೇರೆ ತಕ್ಕಡಿಗೆ ಹಾಕಬೇಕು.