ಕೂಸಿನ ಹೆಸರು ಯಾವ ಪುಸ್ತಕದಲ್ಲಿದೆ?

ಗಿರಣಿಯಲ್ಲಿ ದುಡಿಯುವ ನಮಗೆಲ್ಲ ಹಾಜರಿ ಪುಸ್ತಕದ ಮಹಿಮೆ ಗೊತ್ತು. ಎಂಟು ಗಂಟೆ ಬೆವರು ಸುರಿಸಿದರೂ ಅದರಲ್ಲಿ ಹೆಸರಿಲ್ಲದವನಿಗೆ ಕೂಲಿ ಹುಟ್ಟದು. ನಮ್ಮ ಮಕ್ಕಳಿಗೂ ಇಂಥ ಪುಸ್ತಕಗಳುಂಟು. ಅವನ್ನು ಯಾರು ಬರೆಯುತ್ತಾರೆ, ಯಾರು ತಪಾಸಣೆ ಮಾಡಬೇಕು ಎಂಬುದನ್ನು ವಿಶಾಖಪಟ್ಟಣ, ವಿಜಯವಾಡಗಳಲ್ಲಿ ನೆಲೆಸಿರುವ ವಾಚಕರಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ಕಳೆದ ಬೇಸಿಗೆಯಲ್ಲಿ ರಾಯಚೂರು ಕಡೆಯ ಮಿತ್ರರೊಬ್ಬರು ಮೂರು ವರ್ಷದ ಮಗಳನ್ನು ಹೆಗಲ ಮೇಲೆ ಹೊತ್ತು ನಮ್ಮ ವಾಚನಾಲಯಕ್ಕೆ ಬಂದರು. ಮಗುವಿನ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ಗಂಡಹೆಂಡಿರಿಬ್ಬರಿಗೂ ಕೆಲಸ. ಮಗುವನ್ನು ಕೋಣೆಯೊಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿ ಹೋಗುವುದು ರೂಢಿಯಾಗಿತ್ತಂತೆ. ಅತ್ತು ಅತ್ತು ಬಳಲಿದ ಕೂಸು ಬಾಗಿಲ ಸಂದಿಯಲ್ಲಿ ಬೆರಳು ಸಿಕ್ಕಿಸಿಕೊಂಡಿತ್ತು. ಅಂಗನವಾಡಿ ಅವರ ಮನೆಯಿಂದ ಎರಡೇ ಬೀದಿ ಆಚೆ. "ನಮ್ಮ ಕಾರ್ಡು ಊರಿನದು. ಇಲ್ಲಿ ನಮ್ಮ ಕೂಸನ್ನು ಯಾರು ಸೇರಿಸಿಕೊಳ್ಳುತ್ತಾರೆ ಸ್ವಾಮಿ?" ಎಂದರು. ಹೋಗಿ ಕೇಳಿದ್ದಿರಾ ಎಂದರೆ, ಇಲ್ಲ. ನಮಗೂ ಅದುವರೆಗೆ ನಿಯಮ ತಿಳಿದಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಅನಂತರ ವಿಚಾರಿಸಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲನೆಯದು ಜನನದ ಪುಸ್ತಕ. ಇದು ನಗರದಲ್ಲಿ ಕಾರ್ಪೊರೇಷನ್ನಿನ ಸ್ವಂತ ಹೊಣೆ. 1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ಮಗು ಎಲ್ಲಿ ಹುಟ್ಟಿತೋ ಅಲ್ಲಿಯೇ ನೋಂದಣಿ. ಊರಿಗೆ ಹೋಗಿ ಬರೆಸಬೇಕಾಗಿಲ್ಲ. 21 ದಿನಗಳ ಒಳಗಾದರೆ ಶುಲ್ಕವಿಲ್ಲ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು ವಯಸ್ಸಿನ ಆಧಾರವೆಂದರೆ ಈ ಪ್ರಮಾಣಪತ್ರವೇ. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ವರದಿ ಆಸ್ಪತ್ರೆಯಿಂದ ಹೋಗುತ್ತದೆ. ಹೋಗಿದೆಯೆ ಎಂದು ಕೇಳಿಕೊಳ್ಳುವುದು ನಮ್ಮ ಕೆಲಸ.

ಎರಡನೆಯದು ಅಂಗನವಾಡಿಯ ಪುಸ್ತಕ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದಾಗ ಅವುಗಳಲ್ಲೊಂದು ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಬೇಕಾದಾಗ ದೊಡ್ಡಾಸ್ಪತ್ರೆಗೆ ಕಳಿಸಿಕೊಡುವುದು, ತಾಯಂದಿರಿಗೆ ತಿಳಿವಳಿಕೆ, ಶಾಲೆಗೆ ಮುಂಚಿನ ಆಟಪಾಠ, ಹೀಗೆ ಆರು ಸೇವೆಗಳು ಒಂದೇ ಸೂರಿನ ಕೆಳಗೆ. 2013ರ ಆಹಾರ ಭದ್ರತಾ ಕಾಯಿದೆಯು ಆರು ತಿಂಗಳಿಂದ ಆರು ವರ್ಷದವರೆಗಿನ ಪ್ರತಿಯೊಂದು ಮಗುವಿಗೂ ನೆರೆಯ ಅಂಗನವಾಡಿಯಿಂದ ಉಚಿತ ಆಹಾರ ಪಡೆಯುವ ಹಕ್ಕನ್ನು ಕೊಟ್ಟಿದೆ. 'ಪ್ರತಿಯೊಂದು ಮಗು' ಎಂದಿದೆಯೇ ಹೊರತು ರೇಷನ್ ಕಾರ್ಡು ಈ ಊರಿನದೇ ಆಗಿರಬೇಕೆಂದಿಲ್ಲ. 2021ರಿಂದ ಅಂಗನವಾಡಿಯ ದಾಖಲೆ ಫೋನಿಗೆ ಬಂದಿರುವುದರಿಂದ ಊರಿನಲ್ಲಿರುವ ಹೆಸರನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಲು ಅನುಕೂಲವೂ ಇದೆ. ಸಮೀಪದಲ್ಲಿ ಅಂಗನವಾಡಿಯೇ ಇಲ್ಲದಿದ್ದರೆ? ಆರು ವರ್ಷದೊಳಗಿನ 40 ಮಕ್ಕಳಿರುವ ಕೊಳೆಗೇರಿಯ ಅಥವಾ ಹಳ್ಳಿಯ ಜನ ಕೇಳಿದರೆ ಮೂರು ತಿಂಗಳೊಳಗೆ ತೆರೆಯಬೇಕೆಂದು ಸುಪ್ರೀಂ ಕೋರ್ಟು 2006ರ ಡಿಸೆಂಬರಿನಲ್ಲಿ ಆಜ್ಞೆ ಮಾಡಿದೆ.

ಇಲ್ಲಿ ಒಂದು ತೊಡಕನ್ನು ಬಿಡಿಸಿ ಹೇಳಬೇಕು. ಅಂಗನವಾಡಿಯನ್ನು ನಡೆಸುವುದು ರಾಜ್ಯದ ಮಹಿಳಾ ಮತ್ತು ಶಿಶು ಕಲ್ಯಾಣ ಇಲಾಖೆ, ಕಾರ್ಪೊರೇಷನ್ನಲ್ಲ. ಸಂವಿಧಾನದ 11ನೆಯ ಅನುಸೂಚಿಯಲ್ಲಿ ಪಂಚಾಯಿತಿಗಳ ಬಾಬಿನಲ್ಲಿ 'ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ' ಎಂದು ಸ್ಪಷ್ಟವಾಗಿ ಬರೆದಿದೆ. ಊರ ಕಡೆಯ ಗ್ರಾಮ ಪಂಚಾಯಿತಿಗಳು 2023ರಿಂದೀಚೆಗೆ ಕೂಲಿ ಹೆಂಗಸರ ಮಕ್ಕಳಿಗಾಗಿ 'ಕೂಸಿನ ಮನೆ' ನಡೆಸುತ್ತಿರುವುದನ್ನು ವಾಚಕರು ಕೇಳಿರಬಹುದು. ಆದರೆ ನಗರಗಳಿಗೆ ಸಂಬಂಧಪಟ್ಟ 12ನೆಯ ಅನುಸೂಚಿಯ 18 ವಿಷಯಗಳಲ್ಲಿ ಮಕ್ಕಳ ಹೆಸರಿಲ್ಲ. ಸಾರ್ವಜನಿಕ ಆರೋಗ್ಯ, ದುರ್ಬಲ ವರ್ಗಗಳ ಹಿತರಕ್ಷಣೆ, ಜನನ ಮರಣ ನೋಂದಣಿ ಇವೆ. ಆದಕಾರಣ ನಗರದಲ್ಲಿ 'ಇದು ನಮ್ಮ ಇಲಾಖೆಯದಲ್ಲ' ಎಂದು ಒಬ್ಬರು ಇನ್ನೊಬ್ಬರ ಕಡೆ ಕೈತೋರಿಸುವುದು ಸುಲಭ.

ಹಾಗೆಂದು ನಗರಾಡಳಿತಕ್ಕೆ ಹೊಣೆಯೇ ಇಲ್ಲವೆಂದಲ್ಲ. ಆಹಾರ ಭದ್ರತಾ ಕಾಯಿದೆಯು ಸ್ಥಳೀಯ ಸಂಸ್ಥೆಗಳ ಮೂಲಕ ಆಗಾಗ ಸಾಮಾಜಿಕ ಲೆಕ್ಕಪರಿಶೋಧನೆ ನಡೆಯಲು ಅವಕಾಶ ಮಾಡಿದೆ. 2011ರ ಕೇಂದ್ರ ಸರ್ಕಾರದ ಆದೇಶದಂತೆ ಪ್ರತಿ ಅಂಗನವಾಡಿಗೂ ಒಂದು ಮೇಲ್ವಿಚಾರಣಾ ಸಮಿತಿಯಿರಬೇಕು. ಅದಕ್ಕೆ ವಾರ್ಡಿನ ಚುನಾಯಿತ ಸದಸ್ಯರು ಅಧ್ಯಕ್ಷರು. ಮಕ್ಕಳ ತಾಯಿತಂದೆಯರಿಗೂ ಅದರಲ್ಲಿ ಸ್ಥಾನವುಂಟು. 2021ರ ಚುನಾವಣೆಯ ಕಾಲಕ್ಕೆ ವಿಶಾಖಪಟ್ಟಣದಲ್ಲಿ 98, ವಿಜಯವಾಡದಲ್ಲಿ 64 ವಾರ್ಡುಗಳಿದ್ದವು. ನಮ್ಮ ಮನೆ ಯಾವ ವಾರ್ಡಿನಲ್ಲಿದೆ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಮೂರನೆಯದು ರಕ್ಷಣೆಯ ಪುಸ್ತಕ. ದಿಕ್ಕಿಲ್ಲದ, ಹೊಡೆತ ತಿನ್ನುವ, ದುಡಿಮೆಗೆ ಹಚ್ಚಿದ ಮಗು ಕಣ್ಣಿಗೆ ಬಿದ್ದರೆ 1098ಕ್ಕೆ ಫೋನು ಮಾಡಬಹುದು. ಹಗಲಿರುಳು ನಡೆಯುತ್ತದೆ, ಖರ್ಚಿಲ್ಲ. 2015ರ ಬಾಲನ್ಯಾಯ ಕಾಯಿದೆಯಂತೆ ರಕ್ಷಣೆಗೆ ಬಂದ ಮಗುವನ್ನು ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಪಂಚಾಯಿತಿ, ನಗರಾಡಳಿತಗಳಲ್ಲಿ ಈಗಾಗಲೇ ಇರುವ ಸಮಿತಿಗೇ ಮಕ್ಕಳ ರಕ್ಷಣೆಯ ಕೆಲಸವನ್ನೂ ವಹಿಸಬಹುದೆಂದು 2022ರ 'ಮಿಷನ್ ವಾತ್ಸಲ್ಯ' ನಿಯಮಗಳು ಹೇಳುತ್ತವೆ.

ಪುಸ್ತಕಗಳಿದ್ದೂ ಯಾರೂ ಒಟ್ಟಿಗೆ ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಲಂಡನ್ನಿನ ಒಂದು ಉದಾಹರಣೆ ಸಾಕು. ಆಫ್ರಿಕದ ಐವರಿ ಕೋಸ್ಟಿನಿಂದ ಬಂಧುವೊಬ್ಬಳ ಜತೆ ಬಂದಿದ್ದ ವಿಕ್ಟೋರಿಯಾ ಕ್ಲಿಂಬಿಯೆ ಎಂಬ ಎಂಟು ವರ್ಷದ ಬಾಲಕಿ 2000ದ ಫೆಬ್ರವರಿಯಲ್ಲಿ ಮನೆಯವರ ಹಿಂಸೆಯಿಂದ ಸತ್ತಳು. ಆಸ್ಪತ್ರೆ, ಪೊಲೀಸು, ಕೌನ್ಸಿಲುಗಳು ಎಲ್ಲರೂ ಅವಳನ್ನು ಕಂಡಿದ್ದರು. ಉಳಿಸಲು ಕನಿಷ್ಠ 12 ಅವಕಾಶಗಳಿದ್ದವೆಂದು 2003ರ ವಿಚಾರಣಾ ವರದಿ ಹೇಳಿತು. ಅನಂತರ 2004ರ ಕಾಯಿದೆಯಿಂದ ಅಲ್ಲಿ ಮಕ್ಕಳ ಹೊಣೆ ಹೊತ್ತ ಪ್ರತಿ ಕೌನ್ಸಿಲಿನಲ್ಲೂ ಒಬ್ಬ ಅಧಿಕಾರಿ, ಒಬ್ಬ ಚುನಾಯಿತ ಸದಸ್ಯ, ಇವರಿಬ್ಬರು ಹೆಸರು ಹಿಡಿದು ಉತ್ತರ ಹೇಳಬೇಕಾಯಿತು. ಅವಳೂ ಪರವೂರಿಗೆ ಬಂದ ಕೂಸೇ ಆಗಿದ್ದಳೆಂಬುದನ್ನು ನಾವು ಮರೆಯಬಾರದು.

ಅಳದ ಕೂಸಿಗೆ ತಾಯಿಯೂ ಹಾಲು ಕೊಡಳೆನ್ನುತ್ತಾರೆ. ಅಂಗನವಾಡಿಯಲ್ಲಿ ಸೇರಿಸಿಕೊಳ್ಳದಿದ್ದರೆ ಜಗಳವಾಡದೆ, ಕಾರಣವನ್ನು ಬರೆದು ಕೊಡಿರೆಂದು ಕೇಳೋಣ. ಅಲ್ಲಿಂದ ಸೂಪರ್‌ವೈಸರು, ಅವರ ಮೇಲೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಜತೆಗೆ ವಾರ್ಡಿನ ಸದಸ್ಯರಿಗೆ ಒಂದು ಪ್ರತಿ. ಸದಸ್ಯರಿಲ್ಲದ ಕಾಲದಲ್ಲಿ ಕಮಿಷನರ ಕಚೇರಿಗೆ ಕೊಡಬೇಕು. ಅರ್ಜಿಯನ್ನು ತೆಲುಗಿನಲ್ಲಿ ಬರೆದುಕೊಡಲು ಭಾನುವಾರ ಬೆಳಿಗ್ಗೆ ನಾವು ವಾಚನಾಲಯದಲ್ಲಿರುತ್ತೇವೆ.

ರಾಯಚೂರಿನ ಮಿತ್ರರ ಮಗಳ ಹೆಸರು ಈಗ ಅಂಗನವಾಡಿಯ ಪುಸ್ತಕದಲ್ಲಿದೆ. ಟೀಚರು ಕೇಳಿದ್ದು ಮಗುವಿನ ಹೆಸರು, ತಾಯಿಯ ಆಧಾರ್ ಕಾರ್ಡು, ಇಷ್ಟೇ. ಅಂಗನವಾಡಿ ಇಡೀ ದಿನ ಇರುವುದಿಲ್ಲವಾದ್ದರಿಂದ ತಾಯಿ ತನ್ನ ಕೆಲಸದ ಪಾಳಿ ಬದಲಿಸಿಕೊಂಡಿದ್ದಾರೆ. ಹುಡುಗಿ ಅಲ್ಲಿ ತೆಲುಗು ಹಾಡು ಕಲಿತು, ಮನೆಗೆ ಬಂದು ಅದನ್ನು ಅಪ್ಪನಿಗೆ ಕನ್ನಡದಲ್ಲಿ ವಿವರಿಸುತ್ತದೆಯಂತೆ. ಬಾಗಿಲಿಗೆ ಹಗಲು ಹೊತ್ತು ಹೊರಗಿನ ಬೀಗ ಬೀಳುತ್ತಿಲ್ಲ.