ಮ್ಯಾಕ್ಸಿಕ್ಯಾಬ್ ಪ್ರಯಾಣಿಕರಿಗೆ ಅಪಘಾತ ಪರಿಹಾರ

ಬಸ್ ಸೌಕರ್ಯ ವಿರಳವಾಗಿರುವ ಕರ್ನಾಟಕದ ಅನೇಕ ಗ್ರಾಮಗಳಲ್ಲಿ ಸಂತೆಗೆ, ಆಸ್ಪತ್ರೆಗೆ, ಕಾಲೇಜಿಗೆ ಹೋಗಿಬರಲು ಸಾರ್ವಜನಿಕರು ಅವಲಂಬಿಸಿರುವುದು ಟೆಂಪೋ ಅಥವಾ ಮ್ಯಾಕ್ಸಿಕ್ಯಾಬ್‌ಗಳನ್ನು. ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕಾರ ಚಾಲಕನನ್ನು ಹೊರತುಪಡಿಸಿ ಆರಕ್ಕಿಂತ ಹೆಚ್ಚು, ಆದರೆ ಹನ್ನೆರಡನ್ನು ಮೀರದ ಪ್ರಯಾಣಿಕರನ್ನು ಬಾಡಿಗೆಗೆ ಒಯ್ಯುವ ವಾಹನವೇ ಮ್ಯಾಕ್ಸಿಕ್ಯಾಬ್. ವಾಸ್ತವದಲ್ಲಿ ಎಷ್ಟು ಜನ ಕುಳಿತಿರುತ್ತಾರೆಂಬುದು ಎಲ್ಲರೂ ಬಲ್ಲ ಸಂಗತಿ. ಅಪಘಾತ ಸಂಭವಿಸಿದಾಗ, ಸೀಟಿಗಿಂತ ಹೆಚ್ಚು ಜನರಿದ್ದೆವು, ಟಿಕೆಟ್ ಇರಲಿಲ್ಲ, ಆದ್ದರಿಂದ ಪರಿಹಾರ ದೊರೆಯದು ಎಂದು ಭಾವಿಸಿ ಗಾಯಾಳುಗಳು ಸುಮ್ಮನಾಗುವುದುಂಟು. ಇದು ತಪ್ಪು ತಿಳಿವಳಿಕೆ.

ಅಧಿನಿಯಮದ ಕಲಂ 147ರಂತೆ ಸಾರ್ವಜನಿಕ ಸೇವಾ ವಾಹನದ ಕಡ್ಡಾಯ ವಿಮೆಯು ಅದರ ಪ್ರಯಾಣಿಕರಿಗೂ ಅನ್ವಯಿಸುತ್ತದೆ. ಟಿಕೆಟ್ ಇಲ್ಲದಿದ್ದರೂ ಸಹಪ್ರಯಾಣಿಕರ ಹೇಳಿಕೆ ಮತ್ತು ಪೊಲೀಸ್ ದಾಖಲೆಗಳಿಂದ ಪ್ರಯಾಣವನ್ನು ರುಜುವಾತುಪಡಿಸಬಹುದು. ಆದರೆ ಮದುವೆ ದಿಬ್ಬಣಕ್ಕೆಂದು ಸರಕು ಸಾಗಣೆ ಟೆಂಪೋ ಹತ್ತಿದವರ ಸ್ಥಿತಿ ಬೇರೆ. ಸರಕು ವಾಹನದಲ್ಲಿ ಸಾಗುವ ಪ್ರಯಾಣಿಕರು ಕಡ್ಡಾಯ ವಿಮೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಆಶಾ ರಾಣಿ ಪ್ರಕರಣದಲ್ಲಿ ತೀರ್ಮಾನಿಸಿದೆ.

ಹೆಚ್ಚುವರಿ ಪ್ರಯಾಣಿಕರ ವಿಷಯವು 2007ರ ಅಂಜನಾ ಶ್ಯಾಮ್ ಪ್ರಕರಣದಲ್ಲಿ ಇತ್ಯರ್ಥವಾಗಿದೆ. ಉದಾಹರಣೆಗೆ, 12 ಜನರಿಗೆ ವಿಮೆಯಿರುವ ವಾಹನದಲ್ಲಿ 20 ಜನ ಗಾಯಗೊಂಡಿದ್ದರೆ, ಮಂಜೂರಾದ ಪರಿಹಾರಗಳ ಪೈಕಿ ಅತಿ ಹೆಚ್ಚಿನ 12ರ ಒಟ್ಟು ಮೊತ್ತವನ್ನು ವಿಮಾ ಕಂಪನಿಯು ಠೇವಣಿ ಮಾಡತಕ್ಕದ್ದು. ಅದನ್ನು 20 ಜನರಿಗೂ ಪ್ರಮಾಣಾನುಸಾರ ಹಂಚಲಾಗುವುದು. ಉಳಿದ ಬಾಕಿಯನ್ನು ವಾಹನ ಮಾಲೀಕನಿಂದ ವಸೂಲು ಮಾಡಿಕೊಳ್ಳಬೇಕು. ಹೆಚ್ಚುವರಿಯಾಗಿ ಹತ್ತಿದವನೆಂಬ ಕಾರಣಕ್ಕೆ ಯಾರ ಹಕ್ಕೂ ನಾಶವಾಗುವುದಿಲ್ಲ. ಆದರೆ ಬಾಕಿ ಹಣದ ವಸೂಲಿ ಮಾಲೀಕನ ಆಸ್ತಿಪಾಸ್ತಿಯನ್ನು ಅವಲಂಬಿಸುತ್ತದೆ.

ರಹದಾರಿ ಇಲ್ಲದ ವಾಹನದ ಪ್ರಕರಣವೊಂದರಲ್ಲಿ, ವಿಮಾ ಕಂಪನಿಯು ಮೊದಲು ಪರಿಹಾರ ಪಾವತಿಸಿ ನಂತರ ಮಾಲೀಕನಿಂದ ವಸೂಲು ಮಾಡಿಕೊಳ್ಳಬೇಕೆಂಬ ಆದೇಶವನ್ನು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಎತ್ತಿಹಿಡಿದಿದೆ. ಲಘು ಮೋಟಾರು ವಾಹನದ ಚಾಲನಾ ಪರವಾನಗಿ ಹೊಂದಿದವರು 7,500 ಕಿಲೋಗ್ರಾಂಗಿಂತ ಕಡಿಮೆ ತೂಕದ ಸಾರಿಗೆ ವಾಹನವನ್ನೂ ಚಲಾಯಿಸಬಹುದೆಂದು 2024ರ ನವೆಂಬರ್‌ನಲ್ಲಿ ಸಂವಿಧಾನ ಪೀಠವು ಹೇಳಿರುವುದರಿಂದ, ಆ ಆಧಾರದ ತಕರಾರೂ ಬಹುಮಟ್ಟಿಗೆ ನಿಂತಿದೆ. ಎರಡು ವಾಹನಗಳು ಡಿಕ್ಕಿಯಾದಲ್ಲಿ ಯಾವ ಚಾಲಕನ ತಪ್ಪು ಎಷ್ಟೆಂದು ಪ್ರಯಾಣಿಕನು ಅಳೆಯಬೇಕಾಗಿಲ್ಲ. ಇಬ್ಬರೂ ತಪ್ಪಿತಸ್ಥರಾಗಿದ್ದರೆ ಯಾವುದೇ ಒಂದು ಕಡೆಯಿಂದ ಪೂರ್ಣ ಪರಿಹಾರ ಕೇಳಬಹುದು.

ಹೆಚ್ಚಿನ ಅರ್ಜಿಗಳು ದುರ್ಬಲವಾಗುವುದು ಕಾನೂನಿನಿಂದಲ್ಲ, ಮೊದಲ ದಿನದ ದಾಖಲೆಯಿಂದ. ಮಾಲೀಕನು ಆಸ್ಪತ್ರೆಯ ಖರ್ಚು ಕೊಡುವುದಾಗಿ ಹೇಳಿ, ಬಿದ್ದು ಪೆಟ್ಟಾಯಿತೆಂದು ಬರೆಸಲು ಕೋರುವುದುಂಟು. ಸ್ವಂತ ಊರಿನವನೆಂಬ ದಾಕ್ಷಿಣ್ಯದಿಂದ ಗಾಯಾಳುವಿನ ಕಡೆಯವರು ಒಪ್ಪುತ್ತಾರೆ. ಹೀಗೆ ಬರೆಸಿದ ಒಂದು ಸಾಲನ್ನು ಮುಂದೆ ವಿಮಾ ಕಂಪನಿಯ ವಕೀಲರು ಮುಂದಿಡುತ್ತಾರೆ. ಆದುದರಿಂದ ದಾಖಲಾಗುವಾಗಲೇ ವಾಹನದ ಸಂಖ್ಯೆ ಮತ್ತು ಅಪಘಾತದ ಸ್ಥಳವನ್ನು ವೈದ್ಯರಿಗೆ ತಿಳಿಸಿ ನೋಂದಾಯಿಸುವುದು ಅವಶ್ಯಕ. ಪ್ರಥಮ ವರ್ತಮಾನ ವರದಿ, ಸ್ಥಳ ಮಹಜರು, ಗಾಯದ ಪ್ರಮಾಣಪತ್ರ, ಬಿಡುಗಡೆ ಸಾರಾಂಶ ಹಾಗೂ ಔಷಧಿಯ ಮೂಲ ಬಿಲ್ಲುಗಳನ್ನು ಕಾಪಾಡಿಕೊಳ್ಳತಕ್ಕದ್ದು. 2025ರ ಮೇ ತಿಂಗಳಲ್ಲಿ ಅಧಿಸೂಚಿತವಾದ ಕೇಂದ್ರ ಯೋಜನೆಯಡಿ ಅಪಘಾತದ ದಿನದಿಂದ 7 ದಿನಗಳವರೆಗೆ ಒಬ್ಬ ಗಾಯಾಳುವಿಗೆ ರೂ. 1.5 ಲಕ್ಷದವರೆಗೆ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ.

ಪರಿಹಾರಕ್ಕೆ ಎರಡು ಮಾರ್ಗಗಳಿವೆ. ಕಲಂ 164ರಡಿ ಯಾರ ತಪ್ಪೆಂದು ಸಾಬೀತುಪಡಿಸದೆ ಮರಣಕ್ಕೆ ರೂ. 5 ಲಕ್ಷ, ತೀವ್ರ ಗಾಯಕ್ಕೆ ರೂ. 2.5 ಲಕ್ಷ ದೊರೆಯುತ್ತದೆ. ಮೂಳೆ ಮುರಿತವು ತೀವ್ರ ಗಾಯವೇ. ಕಲಂ 166ರಡಿ ಚಾಲಕನ ನಿರ್ಲಕ್ಷ್ಯ ರುಜುವಾತಾಗಬೇಕು, ಆದರೆ ಮೊತ್ತಕ್ಕೆ ಮಿತಿಯಿಲ್ಲ. ಕಲಂ 149ರ ಕ್ರಮದಂತೆ ಕಲಂ 164ರ ಪರಿಹಾರವನ್ನು ಒಪ್ಪಿಕೊಂಡಲ್ಲಿ ನ್ಯಾಯಮಂಡಳಿಯ ಮುಂದಿರುವ ಅರ್ಜಿ ರದ್ದಾಗುತ್ತದೆ. ಆದ್ದರಿಂದ ದುಡಿಮೆಗೆ ಶಾಶ್ವತ ಊನವಾದವರು ಸಹಿ ಹಾಕುವ ಮುನ್ನ ಲೆಕ್ಕ ನೋಡಬೇಕು. ತಿಂಗಳಿಗೆ ರೂ. 12,000 ದುಡಿಯುವ 28 ವರ್ಷದ ಗಾರೆ ಕೆಲಸಗಾರನ ಗಳಿಕೆಯ ಸಾಮರ್ಥ್ಯ ಶೇ. 20ರಷ್ಟು ಕುಂದಿದ್ದರೆ, ಆ ವಯಸ್ಸಿನ ಗುಣಕ 17ರಂತೆ ಅದೊಂದೇ ಬಾಬ್ತಿಗೆ ರೂ. 4,89,600 ಆಗುತ್ತದೆ. ಚಿಕಿತ್ಸಾ ವೆಚ್ಚ ಹಾಗೂ ನೋವು ಅನುಭವಿಸಿದ್ದಕ್ಕೆ ಪರಿಹಾರ ಪ್ರತ್ಯೇಕ. ಇಲ್ಲಿ ಪರಿಗಣಿಸುವುದು ಅಂಗದ ಊನದ ಪ್ರಮಾಣವನ್ನಲ್ಲ, ಆತನ ದುಡಿಮೆಯ ಮೇಲಾದ ಪರಿಣಾಮವನ್ನು.

ಅರ್ಜಿಯನ್ನು ಅಪಘಾತ ನಡೆದ ಸ್ಥಳದ, ಅರ್ಜಿದಾರರು ವಾಸಿಸುವ ಸ್ಥಳದ ಅಥವಾ ಎದುರುದಾರರು ವಾಸಿಸುವ ಸ್ಥಳದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಸಲ್ಲಿಸಬಹುದು. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಈ ಕಾಲಮಿತಿಯನ್ನು ಪ್ರಶ್ನಿಸಿದ ಅರ್ಜಿಗಳಲ್ಲಿ, ವಿಳಂಬದ ಕಾರಣಕ್ಕಾಗಿಯೇ ಅರ್ಜಿಗಳನ್ನು ವಜಾಗೊಳಿಸಬಾರದೆಂದು ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ನೀಡಿದೆ. ಆದಾಗ್ಯೂ ಅದನ್ನು ನೆಚ್ಚಿ ತಡಮಾಡುವುದು ಸೂಕ್ತವಲ್ಲ.

ವಕೀಲರ ಶುಲ್ಕ ಭರಿಸಲಾಗದವರು ಜಿಲ್ಲಾ ಅಥವಾ ತಾಲ್ಲೂಕು ಕಾನೂನು ಸೇವಾ ಕಛೇರಿಯನ್ನು ಸಂಪರ್ಕಿಸಬಹುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಆದಾಯ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು. ಸಹಾಯವಾಣಿ ಸಂಖ್ಯೆ 15100.